ಸೂಕ್ಷ್ಮಜೀವಿ ಸಂಘದ ಫಾರಂನಲ್ಲಿ ನಮ್ಮೂರಿಗೂ ಒಂದು ಕಾಲಂ ಇರಲಿ

ಹೋದ ತಿಂಗಳು ನನ್ನ ಚಿಕ್ಕಪ್ಪನ ಮಗಳು ವಾಟ್ಸಾಪಿನಲ್ಲಿ ಒಂದು ಪೋಸ್ಟರ್ ಕಳಿಸಿದಳು. ನಮ್ಮ ಭಾಗದ ಮೈಕ್ರೋಬಯಾಲಜಿ ಸಂಘದ ವಾರ್ಷಿಕ ಸಮ್ಮೇಳನ. ಎರಡು ದಿನ. ಮೇಲೆ ಸಂಘದ ಲಾಂಛನ, ಪಕ್ಕದಲ್ಲಿ ಮುಳ್ಳು ಮುಳ್ಳಾದ ವೈರಸ್ಸಿನ ಚಿತ್ರ (ಕೊರೊನಾ ಬಂದು ಹೋದ ಮೇಲೆ ಈ ಚಿತ್ರ ಇಲ್ಲದೆ ಇಂಥ ಪೋಸ್ಟರೇ ಆಗುವುದಿಲ್ಲ), ಕೆಳಗೆ ದಪ್ಪ ಅಕ್ಷರದಲ್ಲಿ ಹೊಸ ಸದಸ್ಯರಾಗಿ ಎಂಬ ಕರೆ. ಎಲ್ಲವೂ ಇಂಗ್ಲಿಷಿನಲ್ಲಿ. ಅದರ ಕೆಳಗೆ ಅವಳ ಪ್ರಶ್ನೆ ಮಾತ್ರ ಕನ್ನಡದಲ್ಲಿತ್ತು: “ಅಣ್ಣಾ, ಸೇರಲಾ? ಇಲ್ಲಾ ದುಡ್ಡು ದಂಡಾನಾ?”

ಅವಳು ಮೈಕ್ರೋಬಯಾಲಜಿ ಓದಿ ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಯಿತು. ತಾಲ್ಲೂಕು ಊರಿನ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೋಗಿ ಸಂಜೆ ಏಳಕ್ಕೆ ಬರುತ್ತಾಳೆ. ಸಮ್ಮೇಳನದ ನೋಂದಣಿ, ಸದಸ್ಯತ್ವದ ಶುಲ್ಕ, ಹೋಗಿ ಬರುವ ಖರ್ಚು ಎಲ್ಲ ಸೇರಿದರೆ ಅವಳ ಹದಿನೈದು ದಿನದ ಸಂಬಳ ಹೋಗುತ್ತದೆ.

“ದಂಡ” ಎಂದು ಟೈಪ್ ಮಾಡಿದೆ. ಕಳಿಸುವ ಮೊದಲು ಅಳಿಸಿದೆ. ಅಳಿಸಿದ್ದು ಯಾಕೆ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದು ಎಂಥ ಸಂಘ ಎಂಬುದನ್ನು ಹೇಳಿಬಿಡುತ್ತೇನೆ. ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ ಓದಿದವರು, ಪಾಠ ಮಾಡುವವರು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು ಸೇರಿ ಕಟ್ಟಿಕೊಂಡ ಸಂಘಗಳಿವು. ನಮ್ಮ ದೇಶದಲ್ಲಿ ಇದು ಹೊಸದಲ್ಲ. ಅಸೋಸಿಯೇಷನ್ ಆಫ್ ಮೈಕ್ರೋಬಯಾಲಜಿಸ್ಟ್ಸ್ ಆಫ್ ಇಂಡಿಯಾ ಶುರುವಾದದ್ದು 1938ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು. ಆಸ್ಪತ್ರೆಗಳ ಮೈಕ್ರೋಬಯಾಲಜಿ ಡಾಕ್ಟರುಗಳಿಗೆ ಬೇರೆ ಸಂಘ ಇದೆ, ಅದಕ್ಕೆ ಕರ್ನಾಟಕದ ಶಾಖೆಯೂ ಇದೆ. ಇವಲ್ಲದೆ ಅಲ್ಲಲ್ಲಿ ಸಣ್ಣ ಪ್ರಾದೇಶಿಕ ಸಂಘಗಳು. ವರ್ಷಕ್ಕೊಮ್ಮೆ ಯಾವುದಾದರೂ ಕಾಲೇಜಿನಲ್ಲಿ ಸೇರುತ್ತಾರೆ. ಭಾಷಣ, ಪ್ರಬಂಧ, ಗೋಡೆಗೆ ಅಂಟಿಸಿದ ಪೋಸ್ಟರ್, ಊಟ, ಕೊನೆಗೆ ಸರ್ವಸದಸ್ಯರ ಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಆಯ್ಕೆ. ನಮ್ಮೂರ ಹಾಲಿನ ಸಂಘದ ವಾರ್ಷಿಕ ಸಭೆ ನೋಡಿದ್ದೀರಲ್ಲ, ಹೆಚ್ಚೂ ಕಡಿಮೆ ಅದೇ. ಅಲ್ಲಿ ಬೋನಸ್ಸಿನ ಗಲಾಟೆ, ಇಲ್ಲಿ ಪ್ರೊಜೆಕ್ಟರಿನ ಗಲಾಟೆ.

ಇದಕ್ಕೂ ನಮಗೂ ಏನು ಸಂಬಂಧ ಎಂದು ನಾನೂ ಬಹಳ ದಿನ ಅಂದುಕೊಂಡಿದ್ದೆ. ಸಂಬಂಧ ತಿಳಿದದ್ದು ಅಪ್ಪನ ಜ್ವರದಿಂದ.

ನಾವು ಹಾನಗಲ್ಲ ತಾಲ್ಲೂಕಿನವರು. ಮನೆಯಲ್ಲಿ ನಾಲ್ಕು ಆಕಳು. ಮೂರು ವರ್ಷದ ಹಿಂದೆ ಒಂದು ಆಕಳು ಏಳು ತಿಂಗಳಿಗೇ ಕಂದು ಹಾಕಿತು. ಮಾಸು ಬೀಳಲಿಲ್ಲ. ಅಪ್ಪ ತಮ್ಮ ಅಪ್ಪ ಮಾಡುತ್ತಿದ್ದ ಹಾಗೇ ಬರಿಗೈಯಲ್ಲಿ ಮಾಸು ಎಳೆದು ತೆಗೆದರು, ತಿಪ್ಪೆಯ ಹಿಂದೆ ಹೂಳಿದರು, ಬಾವಿಕಟ್ಟೆಯಲ್ಲಿ ಕೈ ತೊಳೆದು ಚಾ ಕುಡಿದರು. ಇದರಲ್ಲಿ ವಿಶೇಷ ಏನೂ ನಮಗೆ ಕಾಣಲಿಲ್ಲ. ದನ ಸಾಕುವ ಮನೆಯಲ್ಲಿ ಇದು ಇದ್ದದ್ದೇ.

ತಿಂಗಳಾದ ಮೇಲೆ ಅಪ್ಪನಿಗೆ ಜ್ವರ. ನಾಲ್ಕು ದಿನ ಇರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ರಾತ್ರಿ ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರು. ಸೊಂಟ ಹಿಡಿದುಕೊಂಡಿತು. ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟೆವು. ವಿಡಾಲ್ ಪಾಸಿಟಿವ್, ಟೈಫಾಯಿಡ್ ಅಂದರು. ಸಲಾಯಿನ್, ಇಂಜೆಕ್ಷನ್, ಗುಳಿಗೆ. ಆರಾಮಾಯಿತು ಅನ್ನುವಷ್ಟರಲ್ಲಿ ಮತ್ತೆ ಜ್ವರ. ಮತ್ತೆ ವಿಡಾಲ್, ಮತ್ತೆ ಟೈಫಾಯಿಡ್. ಒಂದೇ ವರ್ಷದಲ್ಲಿ ಮೂರು ಸಲ ಟೈಫಾಯಿಡ್! ಊರಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ಯಾಕೆಂದರೆ ನಮ್ಮೂರಲ್ಲಿ ಅರ್ಧ ಜನರಿಗೆ ವರ್ಷಕ್ಕೊಮ್ಮೆ ಟೈಫಾಯಿಡ್ ಆಗಿಯೇ ಇರುತ್ತದೆ. ಚೀಟಿಯಲ್ಲಂತೂ ಆಗಿರುತ್ತದೆ.

ಈ ವಿಡಾಲ್ ಪರೀಕ್ಷೆಯ ವಿಷಯ ಸ್ವಲ್ಪ ಹೇಳಲೇಬೇಕು. ಇದು 1896ರಲ್ಲಿ ಬಂದ ಪರೀಕ್ಷೆ. ಟೈಫಾಯಿಡ್ ರೋಗಾಣುವನ್ನೇ ಇದು ಹುಡುಕುವುದಿಲ್ಲ. ಆ ರೋಗಾಣುವಿನ ವಿರುದ್ಧ ನಮ್ಮ ಮೈ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಟೈಫಾಯಿಡ್ ಮಾಮೂಲಿಯಾಗಿರುವ ನಮ್ಮಂಥ ಕಡೆ ಹಿಂದೆಂದೋ ಸೋಂಕು ತಗುಲಿದವರ ರಕ್ತದಲ್ಲೂ ಅವು ಉಳಿದಿರಬಹುದು. ಬೇರೆ ಜ್ವರಗಳಲ್ಲೂ ಪಾಸಿಟಿವ್ ತೋರಿಸಬಹುದು. ಆದ್ದರಿಂದ ಒಂದೇ ಒಂದು ವಿಡಾಲ್ ಚೀಟಿ ನೋಡಿ ಟೈಫಾಯಿಡ್ ಎಂದು ತೀರ್ಮಾನಿಸಬಾರದು, ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲು ರಕ್ತದ ಕಲ್ಚರ್ ಮಾಡಿಸುವುದು ಸರಿಯಾದ ದಾರಿ. ಇದು ಮೈಕ್ರೋಬಯಾಲಜಿಯವರಿಗೆಲ್ಲ ಗೊತ್ತಿರುವ ಮಾತು. ನನ್ನ ತಂಗಿಗೂ ಗೊತ್ತು. ದಿನಾ ಅದೇ ಪರೀಕ್ಷೆ ಮಾಡುವವಳೂ ಅವಳೇ. “ಡಾಕ್ಟರ್ ಬರೆದು ಕಳಿಸ್ತಾರೆ, ನಾನು ಮಾಡ್ತೀನಿ, ಬ್ಯಾಡ ಅನ್ನಲಿಕ್ಕೆ ನಾನ್ಯಾರು?” ಅನ್ನುತ್ತಾಳೆ.

ಕೊನೆಗೆ ದೂರದ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿಯ ಲ್ಯಾಬಿನಿಂದ ಒಬ್ಬ ಮೇಡಂ ತಾವೇ ವಾರ್ಡಿಗೆ ಬಂದರು. ಅವರು ಕೇಳಿದ ಮೊದಲ ಪ್ರಶ್ನೆ ಜ್ವರದ ಬಗ್ಗೆ ಅಲ್ಲ. “ಮನೇಲಿ ದನ ಅದಾವೇನ್ರಿ? ಯಾವುದಾದರೂ ಕಂದು ಹಾಕಿತ್ತಾ?”

ಅಪ್ಪನಿಗಿದ್ದದ್ದು ಬ್ರುಸೆಲ್ಲೋಸಿಸ್. ದನಗಳಲ್ಲಿ ಕಂದು ಹಾಕಿಸುವ ರೋಗ. ಅದು ಕಂದು, ಮಾಸು, ಅದರ ನೀರಿನಿಂದ ಗಾಯವಾದ ಕೈ ಮೂಲಕ ಮನುಷ್ಯರಿಗೆ ಬರುತ್ತದೆ, ಹಸಿ ಹಾಲು ಕುಡಿದರೂ ಬರುತ್ತದೆ. ಟೈಫಾಯಿಡ್ ಚಿಕಿತ್ಸೆಯಿಂದ ಅದು ಹೋಗುವುದಿಲ್ಲ. ಎರಡು ಬಗೆಯ ಔಷಧವನ್ನು ಒಟ್ಟಿಗೆ, ಕನಿಷ್ಠ ಆರು ವಾರ ಬಿಡದೆ ತೆಗೆದುಕೊಳ್ಳಬೇಕು. ಅಪ್ಪ ತೆಗೆದುಕೊಂಡರು, ಉಳಿದರು. ಸೊಂಟ ಮಾತ್ರ ಮೊದಲಿನ ಹಾಗಿಲ್ಲ. ನೇಗಿಲು ಹಿಡಿಯುವುದನ್ನು ಬಿಟ್ಟಿದ್ದಾರೆ.

ನಮ್ಮನ್ನು ಸುಟ್ಟದ್ದು ಕಾಯಿಲೆಗಿಂತ ಹೆಚ್ಚಾಗಿ ಆಮೇಲೆ ತಿಳಿದ ವಿಷಯ. ಈ ರೋಗಕ್ಕೆ ದನಗಳಿಗೆ ಲಸಿಕೆ ಇದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ ಜೀವಮಾನದಲ್ಲಿ ಒಂದೇ ಸಲ ಹಾಕಿಸಬೇಕು. 2019ರಲ್ಲಿ ಶುರುವಾದ ಕೇಂದ್ರದ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಯ ಜೊತೆಗೆ ಇದೂ ಇದೆ, ಉಚಿತ. ಕಾಲುಬಾಯಿ ಲಸಿಕೆ ನಮಗೆಲ್ಲ ಗೊತ್ತು, ಡಂಗುರ ಹೊಡೆಸಿ ಹಾಕುತ್ತಾರೆ. ಇದನ್ನು ನಮ್ಮ ಓಣಿಯಲ್ಲಿ ಕೇಳಿದವರು ಒಬ್ಬರೂ ಇರಲಿಲ್ಲ. ಕಂದು ಹಾಕಿದ ಆಕಳನ್ನು ಬರಿಗೈಯಲ್ಲಿ ಮುಟ್ಟಬಾರದು, ಕೈಚೀಲ ಹಾಕಿಕೊಳ್ಳಬೇಕು, ಕಂದು ಮತ್ತು ಮಾಸನ್ನು ಆಳವಾಗಿ ಸುಣ್ಣ ಹಾಕಿ ಹೂಳಬೇಕು, ದನದ ಡಾಕ್ಟರಿಗೆ ಹೇಳಬೇಕು. ಇಷ್ಟೇ ನಾಲ್ಕು ಮಾತು ಅಪ್ಪನಿಗೆ ಮೊದಲೇ ಗೊತ್ತಿದ್ದರೆ ಸಾಕಿತ್ತು.

ಮರುವರ್ಷ ಇಂಥದೇ ಒಂದು ಸಮ್ಮೇಳನ ನಮ್ಮ ಕಡೆ ನಡೆಯಿತು. ವರದಿ ಮಾಡುತ್ತೇನೆಂದು ಹೇಳಿ ನಾನು ಒಳಗೆ ಹೋದೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಅಲ್ಲಿದ್ದವರು ಹೆಚ್ಚಿನವರು ನಮ್ಮಂಥವರೇ. ಸ್ಲಿಪ್ಪರ್ ಹಾಕಿಕೊಂಡು ಹಳ್ಳಿ ಶಾಲೆಗೆ ಹೋದವರು, ಹಾಸ್ಟೆಲ್ಲಿನಲ್ಲಿ ಓದಿದವರು. ವಿದ್ಯಾರ್ಥಿಗಳು ರಾತ್ರಿ ಬಸ್ಸಿನಲ್ಲಿ ಪೋಸ್ಟರ್ ಸುರುಳಿ ಸುತ್ತಿಕೊಂಡು ಬಂದಿದ್ದರು. ಗೋಡೆಯ ತುಂಬ ನಮ್ಮ ಬದುಕೇ ಇತ್ತು: ಹಾಲು, ಮೊಸರು, ಕೊಳವೆಬಾವಿಯ ನೀರು, ಕೆಚ್ಚಲು ಬಾವು, ಮಣ್ಣು, ಶೇಂಗಾದ ಬೂಸ್ಟು. ಅದರಲ್ಲೊಂದು ಪೋಸ್ಟರ್ ಬ್ರುಸೆಲ್ಲೋಸಿಸ್ ಬಗ್ಗೆ. ನಾನು ಅದರ ಮುಂದೆ ನಿಂತುಬಿಟ್ಟೆ. ಅಲ್ಲಿದ್ದ ಹುಡುಗಿ ಇಂಗ್ಲಿಷಿನಲ್ಲಿ ವಿವರಿಸಲು ಶುರು ಮಾಡಿದಳು. ಕನ್ನಡದಲ್ಲಿ ಹೇಳವ್ವಾ ಎಂದೆ. ಅವಳು ತಡವರಿಸಿದಳು. “ಸರ್, ಕನ್ನಡದಲ್ಲಿ ಹೇಗೆ ಹೇಳೋದು ಗೊತ್ತಾಗ್ತಿಲ್ಲ.” ಅವಳ ಮನೆ ಮಾತು ಕನ್ನಡವೇ. ಅವಳ ಮನೆಯಲ್ಲೂ ಎರಡು ಎಮ್ಮೆ ಇದ್ದವು. “ನಿಮ್ಮೂರಲ್ಲಿ ಇದನ್ನ ಯಾರಿಗಾದರೂ ಹೇಳಿದೀಯಾ?” ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಅವಳನ್ನು ನಾನು ದೂರುವುದಿಲ್ಲ. ಊರಲ್ಲಿ ಹೇಳು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪೋಸ್ಟರಿಗೆ ಬಹುಮಾನ ಕೊಡುವ ಅಂಕಪಟ್ಟಿಯಲ್ಲಿ ಅದಕ್ಕೆ ಅಂಕ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಪಂಕ್ತಿ ಬಾಗಿಲಾಚೆಗೂ ಇತ್ತು. ಸಂಜೆಯ ಸರ್ವಸದಸ್ಯರ ಸಭೆಗೆ ಕುರ್ಚಿಗಳೇ ಹೆಚ್ಚು. ಅಲ್ಲಿ ಹಿರಿಯರೊಬ್ಬರು ಬೇಸರದಿಂದ ಮಾತಾಡಿದರು: ಹೊಸ ಸದಸ್ಯರು ಬರುತ್ತಿಲ್ಲ, ಬಂದವರು ಪ್ರಮಾಣಪತ್ರ ತೆಗೆದುಕೊಂಡು ಹೋಗುತ್ತಾರೆ, ಈಗಿನವರಿಗೆ ಆಸಕ್ತಿ ಇಲ್ಲ. ನಾಲ್ಕು ಜನ ಹೌದು ಹೌದು ಎಂದರು. ಮುಂದಿನ ವರ್ಷ ಸದಸ್ಯತ್ವ ಅಭಿಯಾನ ಮಾಡಬೇಕೆಂದು ಠರಾವಾಯಿತು. ಅಭಿಯಾನ ಅಂದರೆ ಬೇರೆ ಬೇರೆ ಕಾಲೇಜಿನ ವಿಭಾಗಗಳಿಗೆ ಪತ್ರ ಬರೆಯುವುದು.

ನನ್ನ ತಕರಾರು ಇರುವುದು ಇಲ್ಲೇ. ಸದಸ್ಯರು ಸಿಗುತ್ತಿಲ್ಲ ಎನ್ನುವವರು ಹುಡುಕುತ್ತಿರುವ ಜಾಗ ಬಹಳ ಸಣ್ಣದು.

ನಮ್ಮ ತಾಲ್ಲೂಕಿನಲ್ಲಿ ಸೂಕ್ಷ್ಮಜೀವಿಗಳ ಜೊತೆ ದಿನಾ ಕೆಲಸ ಮಾಡುವವರು ಯಾರು ಎಂದು ಸುಮ್ಮನೆ ಎಣಿಸಿ ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫದ ಗಾಜು ನೋಡಿ ಟಿಬಿ ಹಿಡಿಯುವ ಲ್ಯಾಬ್ ಟೆಕ್ನಿಷಿಯನ್. ಕರುಗಳಿಗೆ ಲಸಿಕೆ ಹಾಕುವ ಪಶು ಪರಿವೀಕ್ಷಕ. ಹಾಲು ಶೀತಲೀಕರಣ ಕೇಂದ್ರದ ಪರೀಕ್ಷಕ. ಅವನು ಹಾಲಿಗೆ ನೀಲಿ ಬಣ್ಣದ ಹನಿ ಹಾಕಿ ಕಾಯುತ್ತಾನೆ. ಹಾಲಿನಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಇದ್ದಷ್ಟೂ ನೀಲಿ ಬೇಗ ಮಾಯವಾಗುತ್ತದೆ, ಕಡಿಮೆ ಇದ್ದರೆ ಗಂಟೆಗಟ್ಟಲೆ ಉಳಿಯುತ್ತದೆ. ಅಪ್ಪಟ ಮೈಕ್ರೋಬಯಾಲಜಿ ಅದು. ಅವನನ್ನು ಯಾರಾದರೂ ಮೈಕ್ರೋಬಯಾಲಜಿಸ್ಟ್ ಎಂದು ಕರೆದದ್ದುಂಟೇ? ನೀರಿನ ಮಾದರಿ ಬಾಟಲಿಗೆ ತುಂಬಿ ಕಳಿಸುವ ವಾಟರ್‌ಮನ್, ಗೊಬ್ಬರದ ಅಂಗಡಿಯಲ್ಲಿ ರೈಜೋಬಿಯಂ ಪಾಕೀಟು ಮಾರುವವನು, ಇಡ್ಲಿ ಹಿಟ್ಟು ರುಬ್ಬಿ ಮಾರುವ ಸ್ತ್ರೀಶಕ್ತಿ ಸಂಘದವರು. ಇವರಾರೂ ಸಂಘದ ಫಾರಂನಲ್ಲಿ ಇಲ್ಲ. ಅಲ್ಲಿರುವುದು ಪದವಿ, ಸ್ನಾತಕೋತ್ತರ ಪದವಿ, ಹುದ್ದೆ, ಸಂಸ್ಥೆ, ಪ್ರಕಟಿಸಿದ ಪ್ರಬಂಧಗಳ ಸಂಖ್ಯೆ.

ಅಂದಹಾಗೆ ನಮ್ಮ ದೇಶಕ್ಕೆ ರಾಷ್ಟ್ರೀಯ ಪಕ್ಷಿ, ಪ್ರಾಣಿ ಇದ್ದ ಹಾಗೆ ರಾಷ್ಟ್ರೀಯ ಸೂಕ್ಷ್ಮಜೀವಿಯೂ ಇದೆ, ಗೊತ್ತಾ? ಹಾಲನ್ನು ಮೊಸರು ಮಾಡುವ ಲ್ಯಾಕ್ಟೋಬ್ಯಾಸಿಲಸ್. 2012ರಲ್ಲಿ ಹೈದರಾಬಾದಿನಲ್ಲಿ ಜೀವವೈವಿಧ್ಯದ ಜಾಗತಿಕ ಸಮಾವೇಶ ನಡೆದಾಗ ಘೋಷಿಸಿದರು. ಅದನ್ನು ಆರಿಸಿದವರು ಪ್ರೊಫೆಸರುಗಳಲ್ಲ, ಊರೂರು ಸುತ್ತಿದ ವಿಜ್ಞಾನ ರೈಲು ನೋಡಲು ಬಂದ ಶಾಲಾ ಮಕ್ಕಳು. ಮಕ್ಕಳನ್ನು ಕೇಳಬಹುದಾದರೆ ಮೊಸರು ಹೆಪ್ಪು ಹಾಕುವ ಅವರ ಅಮ್ಮಂದಿರನ್ನೂ ಕೇಳಬಹುದು.

ಒಬ್ಬ ಪ್ರಾಧ್ಯಾಪಕರ ಹತ್ತಿರ ಈ ಮಾತು ಎತ್ತಿದೆ. ಅವರು ಸಿಟ್ಟಾಗಲಿಲ್ಲ, ನಕ್ಕರು. “ಇದು ವಿದ್ವಾಂಸರ ಸಂಘ ಅಲ್ವೇನಪ್ಪಾ? ಎಲ್ಲರನ್ನೂ ಸೇರಿಸಿದರೆ ಮಟ್ಟ ಇಳಿಯುತ್ತದೆ” ಎಂದರು. ಅವರ ಮಾತಿನಲ್ಲಿ ಹುರುಳಿಲ್ಲ ಎಂದಲ್ಲ. ಪ್ರಬಂಧವನ್ನು ಪರೀಕ್ಷಿಸುವವರಿಗೆ ಆ ವಿದ್ಯೆ ಇರಲೇಬೇಕು. ಸಂಘ ರಾಜಕೀಯದ ಅಡ್ಡೆಯಾಗುವುದು ಯಾರಿಗೂ ಬೇಡ, ಸಹಕಾರಿ ಸಂಘಗಳಲ್ಲಿ ಏನಾಗುತ್ತದೆ ಎಂದು ನಮಗೇ ಗೊತ್ತು. ಆದರೆ ಮಟ್ಟ ಎಂಬ ಮಾತನ್ನು ನಾನು ಇತಿಹಾಸದ ಜೊತೆ ಇಟ್ಟು ನೋಡಿದಾಗ ಅದು ಅಷ್ಟು ಗಟ್ಟಿ ಕಾಣಲಿಲ್ಲ.

ನಮ್ಮ ಪಕ್ಕದ ಸೊರಬ ತಾಲ್ಲೂಕನ್ನೇ ತೆಗೆದುಕೊಳ್ಳಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಹಳ್ಳಿಯವರು ಜ್ವರದಿಂದ ಮಲಗಿದರು. ಮಂಗ ಸಾಯುವುದಕ್ಕೂ ಮನುಷ್ಯರಿಗೆ ಜ್ವರ ಬರುವುದಕ್ಕೂ ನಂಟಿದೆ ಎಂಬುದು ಕಾಡಿಗೆ ಸೌದೆಗೆ, ಸೊಪ್ಪಿಗೆ ಹೋಗುವವರ ಕಣ್ಣಮುಂದೆ ನಡೆದ ಸಂಗತಿ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದರು, ಉಣ್ಣೆಗಳಿಂದ ಹರಡುವ ಹೊಸ ವೈರಸ್ ಸಿಕ್ಕಿತು. ಈಗ ಜಗತ್ತಿನ ಯಾವ ವೈರಸ್ ಪುಸ್ತಕ ತೆಗೆದರೂ ಅದರಲ್ಲಿ ಕ್ಯಾಸನೂರು ಎಂಬ ಹಳ್ಳಿಯ ಹೆಸರಿದೆ. ಇವತ್ತಿಗೂ ಮಂಗನ ಕಾಯಿಲೆಯ ಮೊದಲ ಸುದ್ದಿ ಬರುವುದು ಲ್ಯಾಬಿನಿಂದಲ್ಲ. ತೋಟದ ಅಂಚಿನಲ್ಲಿ ಸತ್ತ ಮಂಗ ಕಂಡವರು ಆಶಾ ಕಾರ್ಯಕರ್ತೆಗೋ ಅರಣ್ಯದವರಿಗೋ ಫೋನು ಮಾಡಿದಾಗ ಬರುತ್ತದೆ. ಆ ಫೋನು ತಡವಾದರೆ ಏನಾಗುತ್ತದೆ ಎಂದು ಸಾಗರ ತಾಲ್ಲೂಕಿನ ಅರಲಗೋಡಿನ ಕಡೆಯವರನ್ನು ಕೇಳಿ. 2018ರ ಕೊನೆಯಿಂದ 2019ರವರೆಗೆ ಅಲ್ಲಿ ಮನೆ ಮನೆಯಲ್ಲೂ ಭಯ ಇತ್ತು, ಸಾವುಗಳಾದವು.

ಅಡಿಕೆ ಬೆಳೆಗಾರರಿಗೆ ಇನ್ನೊಂದು ಕಥೆ ಹತ್ತಿರದ್ದು. ಕೊಳೆರೋಗ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳನ್ನು ಸುತ್ತಿ, ಕಾಯಿ ಕೊಳೆಸುವುದು ಒಂದು ಬೂಸ್ಟಿನ ಜಾತಿಯ ಸೂಕ್ಷ್ಮಜೀವಿ ಎಂದು ತೋರಿಸಿ 1910ರಲ್ಲಿ ವರದಿ ಬರೆದರು. ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಮಳೆಗಾಲಕ್ಕೆ ಮೊದಲು ಹೊಡೆಯುವ ಪದ್ಧತಿ ಮಲೆನಾಡಿನಲ್ಲಿ ಬೇರೂರಿದ್ದು ಆ ಕಾಲದ ಕೆಲಸದಿಂದ. ಅವರ ವರದಿಯ ಹೆಸರಿನಲ್ಲೇ ‘ಕೊಳೆರೋಗ’ ಎಂಬ ನಮ್ಮ ಮಾತಿದೆ. ಅದಕ್ಕೂ ಹಿಂದೆ, 1870ರ ದಶಕದಲ್ಲೇ, ಕಾಫಿ ಗಿಡದ ಕೊಳೆ ತರುವ ಬೂಸ್ಟಿಗೆ ಇಂಗ್ಲೆಂಡಿನ ವಿಜ್ಞಾನಿ ಇಟ್ಟ ಲ್ಯಾಟಿನ್ ಹೆಸರು ಪೆಲ್ಲಿಕ್ಯುಲೇರಿಯಾ ಕೊಳೆರೋಗ. ರೈತರ ಬಾಯಿಯ ಕನ್ನಡ ಪದ ನೇರ ವಿಜ್ಞಾನದ ಹೆಸರಾಗಿ ಕುಳಿತಿದೆ.

ನಮ್ಮ ಊರಿನ ಹೆಸರು ಬೇಕಾಯಿತು. ನಮ್ಮ ರೋಗದ ಹೆಸರು ಬೇಕಾಯಿತು. ನಮ್ಮ ರಕ್ತ, ನಮ್ಮ ಆಕಳ ಹಾಲು, ನಮ್ಮ ಹೊಲದ ಮಣ್ಣು ವರ್ಷ ವರ್ಷ ಬಾಟಲಿಗಳಲ್ಲಿ ಹೋಗುತ್ತಲೇ ಇದೆ. ವಾಪಸ್ಸು ಬರುವುದೇನು? ಅಪ್ಪನ ವಿಷಯದಲ್ಲಿ ವಾಪಸ್ಸು ಬಂದದ್ದು ಮೂರು ಟೈಫಾಯಿಡ್ ಚೀಟಿ.

ಮಟ್ಟ ಇಳಿಯದೆಯೂ ಜನರೊಡನೆ ಮಾತಾಡಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ನೀವೂ ಹೋಗಿರುತ್ತೀರಿ, ಟ್ರ್ಯಾಕ್ಸ್ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು. ಅಲ್ಲಿ ಹಸಿರು ಟವೆಲ್ಲಿನ ಅಜ್ಜ ವಿಜ್ಞಾನಿಯ ಎದುರು ನಿಂತು, ನಿಮ್ಮ ಟ್ರೈಕೋಡರ್ಮಾ ನನ್ನ ಹೊಲದಲ್ಲಿ ಕೆಲಸ ಮಾಡಲಿಲ್ಲ ಎಂದು ಜಗಳ ಆಡುತ್ತಾನೆ. ವಿಜ್ಞಾನಿ, ಪಾಕೀಟು ಎಲ್ಲಿ ಇಟ್ಟಿದ್ರಿ ಯಜಮಾನ್ರೇ ಎಂದು ಕೇಳುತ್ತಾನೆ. ಆ ಒಂದು ಪ್ರಶ್ನೆಯಲ್ಲಿ ಎಷ್ಟು ಪಾಠ ಇದೆ. ರೈಜೋಬಿಯಂ ಪುಡಿಯ ಒಂದು ಗ್ರಾಮಿನಲ್ಲಿ ಕನಿಷ್ಠ 5 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕೆಂದು ಸರ್ಕಾರದ ನಿಯಮ. ಅಂಗಡಿಯ ತಗಡಿನ ಛಾವಣಿ ಕೆಳಗೆ, ಕ್ರಿಮಿನಾಶಕದ ಡಬ್ಬಿಗಳ ಪಕ್ಕ, ಬೇಸಿಗೆ ಪೂರ್ತಿ ಇಟ್ಟರೆ ಉಳಿಯುವುದು ಬರೀ ಕರಿ ಪುಡಿ. ಇದನ್ನು ಮೇಳದಲ್ಲಿ ಹೇಳಿದ್ದರಿಂದ ಯಾವ ವಿಜ್ಞಾನಿಯ ಮಟ್ಟವೂ ಇಳಿದದ್ದು ನಾನು ಕಂಡಿಲ್ಲ.

ಹೊರಗಿನ ಉದಾಹರಣೆ ಬೇಕೆನ್ನುವವರಿಗೆ ಒಂದು ಹೇಳುತ್ತೇನೆ. ಬ್ರಿಟನ್ನಿನ ಮೈಕ್ರೋಬಯಾಲಜಿ ಸಂಘ ಶುರುವಾದದ್ದು 1945ರಲ್ಲಿ. ಅದರ ಮೊದಲ ಅಧ್ಯಕ್ಷರು ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್. ಅದೇ ವರ್ಷ ನೊಬೆಲ್ ಭಾಷಣದಲ್ಲಿ ಅವರು ಒಂದು ಕಾಲ್ಪನಿಕ ಕಥೆ ಹೇಳಿದರು. ಗಂಟಲು ನೋವೆಂದು ಒಬ್ಬಾತ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ರೋಗಾಣು ಸಾಯದೆ ಔಷಧಕ್ಕೆ ಪಳಗುತ್ತದೆ. ಅದು ಅವನ ಹೆಂಡತಿಗೆ ತಗುಲುತ್ತದೆ, ಪೆನಿಸಿಲಿನ್ ಕೆಲಸ ಮಾಡದೆ ಅವಳು ಸಾಯುತ್ತಾಳೆ. ಅಷ್ಟು ದೊಡ್ಡ ವೇದಿಕೆಯಲ್ಲಿ, ಅಷ್ಟು ದೊಡ್ಡ ವಿಜ್ಞಾನಿ, ಗಂಡ ಹೆಂಡತಿಯ ಕಥೆ ಹೇಳಿದರು. ನಮ್ಮೂರ ಮೆಡಿಕಲ್ ಶಾಪಿನಲ್ಲಿ ಎರಡು ಗುಳಿಗೆ ಕತ್ತರಿಸಿಕೊಂಡು ಬರುವವರಿಗೆ ಅದೇ ಕಥೆ ಇನ್ನೂ ತಲುಪಿಲ್ಲ. ಗುಳಿಗೆ ಪಟ್ಟಿಯ ಮೇಲಿನ ಕೆಂಪು ಗೆರೆ ಯಾಕಿದೆ ಎಂದು ಕೇಳಿದರೆ ಡಿಸೈನ್ ಇರಬೇಕು ಅನ್ನುತ್ತಾರೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು, ತೆಗೆದುಕೊಳ್ಳಬಾರದು ಎಂಬ ಗುರುತು ಅದು.

ಹಾಗಾದರೆ ಸಂಘದವರು ಏನು ಮಾಡಬೇಕು? ನಾನು ಕೇಳುವುದು ದೊಡ್ಡದೇನಲ್ಲ. ಎರಡು ದಿನದ ಸಮ್ಮೇಳನದಲ್ಲಿ ಅರ್ಧ ದಿನ ಕನ್ನಡದಲ್ಲಿ ನಡೆಯಲಿ, ಬಾಗಿಲು ತೆರೆದಿರಲಿ. ಪ್ರತಿ ಪೋಸ್ಟರಿನ ಪಕ್ಕದಲ್ಲಿ ಹತ್ತು ಸಾಲಿನ ಕನ್ನಡ ಟಿಪ್ಪಣಿ ಕಡ್ಡಾಯವಾಗಲಿ. ಅದಕ್ಕೂ ಅಂಕ ಇರಲಿ, ಆಗ ಆ ಹುಡುಗಿಗೆ ಕನ್ನಡದಲ್ಲಿ ಹೇಳಲು ಬರುತ್ತದೆ. ಮತ ಇಲ್ಲದ ಸಹ ಸದಸ್ಯತ್ವ ಒಂದಿರಲಿ. ಪಿಎಚ್‌ಸಿ ಟೆಕ್ನಿಷಿಯನ್, ಪಶು ಪರಿವೀಕ್ಷಕ, ಹಾಲು ಪರೀಕ್ಷಕ ಕೈಯಿಂದ ಕೊಡಬಹುದಾದಷ್ಟು ಶುಲ್ಕ. ಅವರಿಗೆ ಸನ್ಮಾನ ಬೇಡ, ಶಾಲು ಬೇಡ. ವಿಡಾಲ್ ಬಗ್ಗೆ ಸಂಘವೇ ಒಂದು ಪುಟದ ಕನ್ನಡ ಸೂಚನೆ ಮಾಡಿ ಅವರ ಕೈಗೆ ಕೊಟ್ಟರೆ, ನನ್ನ ತಂಗಿಯಂಥವಳು ಡಾಕ್ಟರ ಮುಂದೆ ಅದನ್ನು ಇಟ್ಟು ಸರ್, ಕಲ್ಚರ್ ಕಳಿಸೋಣವಾ ಎಂದು ಕೇಳಬಹುದು. ಒಬ್ಬಳೇ ಕೇಳಿದರೆ ಅದು ಅಧಿಕಪ್ರಸಂಗ. ಸಂಘದ ಸದಸ್ಯೆ ಕೇಳಿದರೆ ಅದಕ್ಕೆ ಬೇರೆ ತೂಕ. ಸಂಘ ಅನ್ನುವುದು ಇರುವುದೇ ಇದಕ್ಕಲ್ಲವೇ?

ಈಗ ಓದಿದ ಹುಡುಗ ಹುಡುಗಿಯರಿಗೆ ಎರಡು ಮಾತು. ಹಳ್ಳಿಯಿಂದ ಬಂದು ಮೈಕ್ರೋಬಯಾಲಜಿ ಓದಿದವರು ನಮ್ಮ ತಾಲ್ಲೂಕಿನಲ್ಲೇ ಸಾಕಷ್ಟು ಇದ್ದೀರಿ. ಸಂಘ ಸೇರಿದರೆ ನೌಕರಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಿಗುವುದಿಲ್ಲ. ಸಿಗುವುದು ಪರಿಚಯ, ಯಾರು ಎಲ್ಲಿ ಏನು ಮಾಡುತ್ತಿದ್ದಾರೆ ಎಂಬ ತಿಳಿವಳಿಕೆ, ಗೊತ್ತಿಲ್ಲದ್ದನ್ನು ಕೇಳಲು ನಾಲ್ಕು ಫೋನ್ ನಂಬರು. ಓದುತ್ತಿರುವಾಗಲೇ ಸೇರಿ, ವಿದ್ಯಾರ್ಥಿಗಳಿಗೆ ಶುಲ್ಕ ಸಾಮಾನ್ಯವಾಗಿ ಕಡಿಮೆ.

ಆದರೆ ದುಡ್ಡು ಕಟ್ಟುವ ಮೊದಲು ನೋಡಿಕೊಂಡು ಕಟ್ಟಿ. ಸಂಘ ಎಂಬ ಬೋರ್ಡು ಹಾಕಿಕೊಂಡು ಪ್ರಮಾಣಪತ್ರ ಮಾರುವವರು ಈಗ ಬಹಳ ಆಗಿದ್ದಾರೆ. ವಾಟ್ಸಾಪಿನಲ್ಲೇ ಕರೆಯುತ್ತಾರೆ, ಹಣ ಕಟ್ಟಿದ ಮರುದಿನವೇ ಶ್ರೇಷ್ಠ ಯುವ ವಿಜ್ಞಾನಿ ಪ್ರಶಸ್ತಿ ಕಳಿಸುತ್ತಾರೆ. ಸಂಘ ನೋಂದಣಿಯಾಗಿದೆಯಾ, ಕೊನೆಯ ಚುನಾವಣೆ ಯಾವಾಗ ನಡೆಯಿತು, ಲೆಕ್ಕಪತ್ರ ಸದಸ್ಯರಿಗೆ ತೋರಿಸುತ್ತಾರಾ, ದುಡ್ಡು ಸಂಘದ ಖಾತೆಗೆ ಹೋಗುತ್ತದಾ ಇಲ್ಲಾ ಯಾರದೋ ಸ್ವಂತ ಫೋನ್‌ಪೇ ನಂಬರಿಗಾ? ಕೇಳಿ. ಹಾಲಿನ ಸಂಘದಲ್ಲಿ ಕೇಳುವ ಪ್ರಶ್ನೆಗಳೇ ಇಲ್ಲೂ ಸಾಕು. ನಿಜವಾದ ಸಂಘದವರು ಉತ್ತರ ಕೊಡುತ್ತಾರೆ.

ಸೇರಿದ ಮೇಲೆ ಊಟ ಮುಗಿಸಿ ಬಸ್ಸು ಹತ್ತಬೇಡಿ. ಸಂಜೆಯ ಸರ್ವಸದಸ್ಯರ ಸಭೆಗೆ ಕೂತುಕೊಳ್ಳಿ. ಅಲ್ಲಿ ಖಾಲಿ ಇರುವ ಕುರ್ಚಿಗಳೇ ನಿಮ್ಮವು. ಕನ್ನಡದಲ್ಲಿ ಎದ್ದು ನಿಂತು ಕೇಳಿದರೆ ಯಾರೂ ಹೊರಗೆ ಹಾಕುವುದಿಲ್ಲ. ನಾನು ಅಲ್ಲಿ ಕೂತು ನೋಡಿದ್ದೇನೆ, ಅವರೂ ನಮ್ಮ ಕಡೆಯವರೇ, ಕೇಳುವವರಿಲ್ಲದೆ ಸುಮ್ಮನಿದ್ದಾರೆ ಅಷ್ಟೆ.

ತಂಗಿಗೆ ನಾನು ಕಳಿಸಿದ ಉತ್ತರ: “ಸೇರು. ಅರ್ಧ ನಾನು ಕೊಡ್ತೀನಿ.” ಉಳಿದರ್ಧ ಅಪ್ಪ ಕೊಟ್ಟರು, ಕಂದು ಹಾಕಿದ ಆ ಆಕಳ ತಂಗಿ ಗೌರಿಯ ಹಾಲಿನ ಬಿಲ್ಲಿನಿಂದ. ಗೌರಿಯ ಕರುವಿಗೆ ಈಗ ಐದು ತಿಂಗಳು. ಕಿವಿಯಲ್ಲಿ ಹಳದಿ ಓಲೆ ಇದೆ, ಲಸಿಕೆ ಆಗಿದೆ. ಫಾರಂ ತುಂಬುವಾಗ ಒಂದು ಕಾಲಂ ಹತ್ತಿರ ತಂಗಿ ನಿಂತಳು, ಸಂಸ್ಥೆ ಮತ್ತು ವಿಳಾಸ ಎಂದಿತ್ತು. ಲ್ಯಾಬಿನ ಹೆಸರು ಬರೆಯಲು ಮಾಲೀಕರು ಒಪ್ಪಲಿಲ್ಲವಂತೆ. ಅವಳು ನಮ್ಮೂರ ಹೆಸರು ಬರೆದಳು, ಅಂಚೆ ಹಾನಗಲ್ಲ ತಾಲ್ಲೂಕು. ಸಮ್ಮೇಳನ ಮುಂದಿನ ತಿಂಗಳು. ಅಪ್ಪ ತಾನೂ ಬರುತ್ತೇನೆ ಅನ್ನುತ್ತಿದ್ದಾರೆ. ಬಾಗಿಲಲ್ಲಿ ನೋಂದಣಿ ಕೇಳಿದರೆ ಏನು ಹೇಳುವುದು ಎಂದು ನಾವು ಇನ್ನೂ ಯೋಚಿಸುತ್ತಿದ್ದೇವೆ.